ಚಾರ್ಜರ್ ವಾಪಸ್ ಬಂತು, ಲಾಗಿನ್ ಬರಲಿಲ್ಲ

ನಮ್ಮ ಕಂಪನಿಗಳ ಶಿಸ್ತನ್ನು ಕಣ್ಣಾರೆ ಕಾಣಬೇಕಿದ್ದರೆ ನೌಕರನೊಬ್ಬ ಕೆಲಸ ಬಿಡುವ ದಿನ ಹೋಗಿ ನೋಡಬೇಕು. ಕೊರಳಲ್ಲಿದ್ದ ಐಡಿ ಕಾರ್ಡು ಕಳಚಿಸಿಕೊಳ್ಳುತ್ತಾರೆ. ಲ್ಯಾಪ್‌ಟಾಪಿನ ಜೊತೆ ಚಾರ್ಜರ್ ಬಂತೇ ಎಂದು ಎರಡು ಸಲ ಪರೀಕ್ಷಿಸುತ್ತಾರೆ. ಡ್ರಾಯರ್ ಕೀಲಿ ಕಾಣದಿದ್ದರೆ ಕೊನೆಯ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಗ್ರಾಹಕರ ಪಟ್ಟಿ, ಕೊಟೇಶನ್ನು, ಲೆಕ್ಕಪತ್ರ ಎಲ್ಲ ತುಂಬಿರುವ ಹತ್ತಾರು ಸಾಫ್ಟ್‌ವೇರುಗಳ ಪಾಸ್‌ವರ್ಡ್ ಮಾತ್ರ ಅವನ ಜೊತೆಗೇ ಗೇಟು ದಾಟುತ್ತದೆ. ಆರು ತಿಂಗಳ ಬಳಿಕ ಎದುರಾಳಿ ಕಂಪನಿಯ ಕುರ್ಚಿಯಲ್ಲಿ ಕೂತು ಅದನ್ನು ಒತ್ತಿದರೂ ‘ವೆಲ್‌ಕಮ್ ಬ್ಯಾಕ್’ ಎಂಬ ಆದರದ ಸ್ವಾಗತ.

ಇದಕ್ಕೆ ಮದ್ದಿದೆ. ಹೆಸರು ಫೆಡರೇಟೆಡ್ ಐಡೆಂಟಿಟಿ. ನೌಕರ ತನ್ನ ಕಂಪನಿಯ ಬಳಿ ಒಮ್ಮೆ ಗುರುತು ತೋರಿಸಿದರಾಯಿತು. ಹೊರಗಿನ ಸಾಫ್ಟ್‌ವೇರುಗಳು ಬೇರೆ ಪಾಸ್‌ವರ್ಡ್ ಕೇಳದೆ, ಕಂಪನಿ ಡಿಜಿಟಲ್ ಸಹಿ ಹಾಕಿ ಕಳಿಸಿದ ಚೀಟಿ ನೋಡಿ ಒಳಗೆ ಬಿಡುತ್ತವೆ. ಮೂಲ ಖಾತೆ ಮುಚ್ಚಿದರೆ ಹೊಸ ಚೀಟಿ ಹುಟ್ಟುವುದಿಲ್ಲ. ಚೀಟಿಯ ಒಕ್ಕಣೆ ಹೇಗಿರಬೇಕೆಂದು ಹೇಳುವ ಸ್ಯಾಮಲ್ 2.0 ಎಂಬ ಮಾನದಂಡ ಬಂದದ್ದು 2005ರಲ್ಲಿ. ಅಷ್ಟು ಅವಸರ ನಮಗೇಕೆ? ನಮ್ಮಲ್ಲಿ ಎಲ್ಲರ ಪಾಸ್‌ವರ್ಡ್ ಬರೆದಿಟ್ಟ ಎಕ್ಸೆಲ್ ಶೀಟು ಇದೆಯಲ್ಲ. ಅದಕ್ಕೂ ಒಂದು ಪಾಸ್‌ವರ್ಡ್ ಇದೆ, ಕಂಪನಿಯ ಹೆಸರು.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ವ್ರತವನ್ನೂ ನಾವು ಬಿಟ್ಟಿಲ್ಲ. ಸೋರಿಕೆಯ ಸುಳಿವಿಲ್ಲದೆ ಹಾಗೆ ಬದಲಿಸುತ್ತ ಕೂರಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತು. ನಮ್ಮ ಅಕೌಂಟೆಂಟ್ ಮಾತ್ರ ‘ಗಣೇಶ@7’ ಮುಗಿಸಿ ಭಕ್ತಿಯಿಂದ ‘ಗಣೇಶ@8’ಕ್ಕೆ ಬಂದಿದ್ದಾರೆ.

ಸಾಫ್ಟ್‌ವೇರ್ ಮಾರುವವರ ಧರ್ಮಬುದ್ಧಿಯಂತೂ ದೊಡ್ಡದು. ಸುರಕ್ಷತೆಯೇ ನಮ್ಮ ಉಸಿರು ಎನ್ನುವ ಎಷ್ಟೋ ಕಂಪನಿಗಳು ಈ ಒಂದೇ ಲಾಗಿನ್ನಿನ (ಸಿಂಗಲ್ ಸೈನ್-ಆನ್, ಅಂದರೆ ಎಸ್‌ಎಸ್‌ಒ) ಸೌಲಭ್ಯವನ್ನು ಎಲ್ಲಕ್ಕಿಂತ ದುಬಾರಿ ಎಂಟರ್‌ಪ್ರೈಸ್ ಪ್ಲಾನಿನಲ್ಲಿ ಬಚ್ಚಿಟ್ಟಿರುತ್ತವೆ. ದರ ಎಷ್ಟೆಂದರೆ, ‘ನಮ್ಮ ಸೇಲ್ಸ್‌ನವರ ಜೊತೆ ಮಾತಾಡಿ’. ಈ ವಸೂಲಿಗೆ ‘ಎಸ್‌ಎಸ್‌ಒ ಟ್ಯಾಕ್ಸ್’ ಎಂದೇ ಹೆಸರು ಬಿದ್ದಿದೆ. ಅದರ ಮೇಲೆ ಜಿಎಸ್‌ಟಿ ಬೇರೆ.

ಎಲ್ಲ ಲಾಗಿನ್‌ಗಳನ್ನೂ ಒಂದೇ ಕಡೆ ಕಟ್ಟಿದರೆ ಅದೇ ಕೆಟ್ಟಾಗ ಏನು ಗತಿ ಎಂದು ಮೀಟಿಂಗಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಸರಿಯೇ. 2020ರ ಡಿಸೆಂಬರ್ 14ರಂದು ಗೂಗಲ್‌ನ ಗುರುತು ಪರಿಶೀಲಿಸುವ ವ್ಯವಸ್ಥೆ ಕೈಕೊಟ್ಟು ಜಿಮೇಲ್, ಯೂಟ್ಯೂಬ್ ಎಲ್ಲ ಮುಕ್ಕಾಲು ಗಂಟೆ ಮಲಗಿದ್ದವು. ಆದರೆ ಮುಕ್ಕಾಲು ಗಂಟೆ ಮುಚ್ಚಿದ ಬಾಗಿಲಿಗೆ ಇಷ್ಟು ಗಾಬರಿಯಾಗುವವರು, ವರ್ಷಗಟ್ಟಲೆ ತೆರೆದೇ ಇರುವ ಬಾಗಿಲಿನ ಮುಂದೆ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಾರೆ.

ಮಾಲೀಕರೇ, ಸುರಕ್ಷತೆಯ ಮಾತು ಬೇಸರವಾದರೆ ದುಡ್ಡಿನ ಮಾತಾಡೋಣ. ಕಳೆದ ವರ್ಷ ಬಿಟ್ಟುಹೋದವರ ಪಟ್ಟಿಯನ್ನು ಎಚ್‌ಆರ್‌ನಿಂದ ತರಿಸಿ, ಸಾಫ್ಟ್‌ವೇರ್ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿ. ಅವರ ಸಂಬಳ ನಿಲ್ಲಿಸಿದ್ದೀರಿ. ಅವರ ಹೆಸರಿನ ಲೈಸೆನ್ಸಿಗೆ ಇನ್ನೂ ತಿಂಗಳು ತಿಂಗಳೂ ಕಟ್ಟುತ್ತಿರಬಹುದು.