ಕಿಟಕಿ ಮೀಮಾಂಸೆ

ವಿಷಯ ಪ್ರವೇಶ: ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟವರಿಗೆ ಕಡಲು ಎಡಕ್ಕೆ, ಘಟ್ಟ ಬಲಕ್ಕೆ ಎಂಬುದು ಸರ್ವಸಮ್ಮತ. ಎಡಗಡೆ ಕೂರುವವರು ಯಾರು ಎಂಬಲ್ಲಿ ಮಾತ್ರ ಮತಭೇದ. ಈ ಹೆದ್ದಾರಿ ಹಿಂದೆ 17 ಆಗಿತ್ತು; ನಂಬರು ಬದಲಾಯಿತು, ಜಗಳ ಬದಲಾಗಲಿಲ್ಲ.

ಸೂತ್ರ: ನೋಡತಕ್ಕದ್ದೆಲ್ಲ ನಾವು ಕೂರದ ಕಡೆಯ ಕಿಟಕಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಪೂರ್ವಪಕ್ಷ: ಕಾರು ಬಿಡುತ್ತಿದ್ದ ಭಾವ ಆಕ್ಷೇಪಿಸಿದರು. "ಕಡಲು ಎಲ್ಲಿಗೆ ಓಡಿ ಹೋಗ್ತದೆ ಮಾರಾಯ? ಎಡಗಡೆ ಕೂತ್ಕೋ, ಎಲ್ಲ ಕಾಣ್ತದೆ."

ಪ್ರಯೋಗ: ಇದಕ್ಕೆ ಮರವಂತೆಗಿಂತ ಉತ್ತಮ ಪ್ರಯೋಗಶಾಲೆಯಿಲ್ಲ. ರಸ್ತೆಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ನಾನು ಎಡಕ್ಕೆ, ಅಕ್ಕ ಬಲಕ್ಕೆ, ನಡುವೆ ಬನ್ಸಿನ ಡಬ್ಬಿ. ಕಡಲು ಸುಮ್ಮನೆ ಮಲಗಿತ್ತು. "ಅಗೋ ಗರುಡ!" ಎಂದಳು ಅಕ್ಕ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಹೊಳೆಗೆರಗಿ ಕಾಲಲ್ಲೇ ಮೀನೆತ್ತಿತಂತೆ. ಡಬ್ಬಿ ದಾಟಿ ನಾನು ಬಗ್ಗುವಷ್ಟರಲ್ಲಿ ಉಳಿದದ್ದು ನೀರಿನ ಬಳೆ ಮಾತ್ರ. ಕೂಡಲೇ ಜಾಗ ಬದಲಿಸಿದೆವು. ಈಗ ಕಡಲಲ್ಲಿ ಕಪ್ಪು ಬೆನ್ನೊಂದು ಎದ್ದು ಮುಳುಗಿತಂತೆ. ಡಾಲ್ಫಿನ್ ಎಂದು ಅಕ್ಕ, ಮಗುಚಿದ ದೋಣಿ ಎಂದು ನಾನು. ಗರುಡದಂತೆ ಇದಕ್ಕೂ ಅಕ್ಕನೊಬ್ಬಳೇ ಸಾಕ್ಷಿ.

ಕಾಲದೋಷ: ಹೊನ್ನಾವರದ ಕಾಸರಕೋಡು 2020ರಲ್ಲಿ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಪಡೆದ ಕಡಲತೀರ. ಆ ಸೀಮೆಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಅದೂ ರಾತ್ರಿ ಹೊತ್ತು. ನಾವು ತಲುಪಿದ್ದು ಮಧ್ಯಾಹ್ನ. ಮೊಟ್ಟೆಯೊಡೆದು ಮರಿ ಬರಲು ಸುಮಾರು ಐವತ್ತು ದಿನ ಬೇಕು. ನಮ್ಮ ರಜೆ ಮೂರು ದಿನ.

ಅಪವಾದ: ಕುಮಟಾದ ಬಳಿ ಅಘನಾಶಿನಿ ಕಡಲು ಸೇರುವ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತು. ಮೊಣಕಾಲುದ್ದ ನೀರಲ್ಲಿ ಹೆಂಗಸರು ಬಳಚು ಹೆಕ್ಕುತ್ತಿದ್ದರು, ನಾಲ್ಕು ಮಾರು ದೂರದಲ್ಲಿ ಬೆಳ್ಳಕ್ಕಿಗಳೂ ಅದೇ ಕೆಸರಲ್ಲಿ ಕೆಲಸದಲ್ಲಿದ್ದವು. ಎಲ್ಲರಿಗೂ ಎಲ್ಲವೂ ಕಂಡಿತು. ಆದರೆ ಆಗ ನಾವು ಕಾರಿನಿಂದ ಇಳಿದಿದ್ದೆವು. ಆದ್ದರಿಂದ ಈ ಉದಾಹರಣೆ ಕಿಟಕಿಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಉಪಸಂಹಾರ: ಮರಳುವಾಗ ಕಡಲು ಬಲಕ್ಕೆ ಬರುತ್ತದೆಂದು ತರ್ಕಿಸಿ ಬಲಗಡೆ ಕೂತೆ. ಮರವಂತೆ ಬಂದಾಗ ಕತ್ತಲೆ. ಕಡಲಿರಬೇಕಾದಲ್ಲಿ ಕಪ್ಪು, ಅಲೆಯ ಸದ್ದು. ಎಡಗಿಟಕಿಯಿಂದ ಅಕ್ಕ ನನ್ನ ತೋಳು ತಿವಿದಳು. "ಅಗೋ, ಹೊಳೆಯಲ್ಲಿ ಚಂದ್ರ!"