ಶನಿವಾರದ ಮೇಷ್ಟ್ರು

ಎಂಜಿನಿಯರಿಂಗ್ ಐದನೇ ಸೆಮಿಸ್ಟರಿನಲ್ಲಿ ಓದುತ್ತ, ಶನಿವಾರ ಬೆಳಿಗ್ಗೆ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಪುಕ್ಕಟೆಯಾಗಿ ಕಂಪ್ಯೂಟರ್ ಕಲಿಸಲು ಹೋಗುವ ಹುಡುಗನನ್ನು ಗೇಟಿನಿಂದಲೇ ಗುರುತಿಸಬಹುದು. ಮೈಮೇಲೆ ಹೋದ ವರ್ಷದ ಕಾಲೇಜ್ ಫೆಸ್ಟಿನ ಟೀ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಬೆನ್ನ ಮೇಲೆ ಲ್ಯಾಪ್‌ಟಾಪು, ಅದರೊಳಗೆ ಅರವತ್ತು ಸ್ಲೈಡುಗಳ ಪಿಪಿಟಿ. ನಾಲ್ಕು ಶನಿವಾರಗಳಲ್ಲಿ ಪೈಥಾನ್ ಮುಗಿಸಿ ಐದನೆಯದರಲ್ಲಿ ಕೃತಕ ಬುದ್ಧಿಮತ್ತೆಗೆ ಕೈಹಾಕುವುದೆಂದು ಅವನ ಯೋಜನೆ. ಲ್ಯಾಬಿನ ಬೀಗದ ಕೈ ಯಾರ ಹತ್ತಿರವಿದೆ ಎಂಬುದು ಮಾತ್ರ ಯೋಜನೆಯಲ್ಲಿಲ್ಲ. ಅದನ್ನು ಇಟ್ಟುಕೊಂಡ ಮೇಷ್ಟ್ರು ತರಬೇತಿಗೆ ಹೋಗಿರುತ್ತಾರೆ. ಬೀಗ ತೆಗೆದ ದಿನ ಯುಪಿಎಸ್ ಕೈಕೊಟ್ಟಿರುತ್ತದೆ. ‘ಗಯ್ಸ್, ನನ್ನ ಸಾರ್ ಅನ್ಬೇಡಿ, ಅಣ್ಣ ಅನ್ನಿ’ ಎಂದು ಅವನು ಸಲುಗೆ ತೋರಿಸಿದರೆ, ಇಡೀ ಒಂಬತ್ತನೇ ಕ್ಲಾಸು ಒಕ್ಕೊರಲಿನಿಂದ ‘ಆಯ್ತು ಸಾರ್’ ಎನ್ನುತ್ತದೆ. ಇಂಥವನನ್ನು ನೋಡಿ ನಗದಿರುವುದು ಕಷ್ಟ. ಆದರೆ ಬಹಳ ಮಂದಿ ತಪ್ಪು ಕಾರಣಕ್ಕೆ ನಗುತ್ತಾರೆ. ‘ಇವನಿಗೇ ಎರಡು ಸಬ್ಜೆಕ್ಟ್ ಬ್ಯಾಕ್ ಇದೆ, ಇವನೇನು ಕಲಿಸ್ತಾನೆ’ ಎಂಬುದು ಅವರ ಆಕ್ಷೇಪ. ಆ ಅರೆಬರೆ ಕಲಿಕೆಯೇ ಅವನಿಗಿರುವ ಏಕೈಕ ಅರ್ಹತೆ ಎಂಬುದು ನನ್ನ ವಾದ. ಅವನು ನಗೆಪಾಟಲಾಗುವುದು ಅದನ್ನು ಮುಚ್ಚಿಡಲು ಹೊರಟಾಗ.

ಪೂರ್ತಿ ತಿಳಿದವರು ಚೆನ್ನಾಗಿಯೇ ಕಲಿಸುತ್ತಾರೆಂಬ ನಂಬಿಕೆ ಎಷ್ಟು ಟೊಳ್ಳೆಂಬುದಕ್ಕೆ 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ನಡೆಸಿದ ಪ್ರಯೋಗವೊಂದು ಸಾಕ್ಷಿ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗಿದ್ದವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಅವರು ಹೇಳಿಯಾರು ಎಂದು ಕುಟ್ಟುವವರ ಅಂದಾಜು. 120 ಹಾಡುಗಳಲ್ಲಿ ಕೇಳುಗರು ಸರಿಯಾಗಿ ಹೇಳಿದ್ದು ಮೂರನ್ನು ಮಾತ್ರ. ಕುಟ್ಟುವವರ ತಲೆಯೊಳಗೆ ಹಾಡು ವಾದ್ಯಸಮೇತ ನಡೆಯುತ್ತಿತ್ತು, ಕೇಳುವವರ ಕಿವಿಗೆ ಬಿದ್ದದ್ದು ಬರೀ ಟಕಟಕ. ಮೂವತ್ತು ವರ್ಷ ಒಂದೇ ವಿಷಯ ಪಾಠ ಹೇಳಿದ ಪ್ರಾಧ್ಯಾಪಕರು ‘ಇದು ಸ್ವಯಂವೇದ್ಯ’ ಎಂದು ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿಗೆ ಕೇಳುವುದೂ ಇದೇ ಟಕಟಕ. ನಮ್ಮ ಹುಡುಗನ ತಲೆಯಲ್ಲಾದರೋ ಹಾಡು ಈಗಷ್ಟೇ ಶುರುವಾಗಿದೆ, ಅದೂ ಅಪಸ್ವರದಲ್ಲಿ. ಹಾಗಾಗಿ ಹಾಡು ಕೇಳದೆ ಕೂರುವುದೆಂದರೆ ಹೇಗಿರುತ್ತದೆಂಬುದು ಅವನಿಗೆ ಮರೆತಿಲ್ಲ.

ಇದರ ಬೆಲೆ ತಿಳಿಯುವುದು ಪ್ರೋಗ್ರಾಮಿಂಗ್ ಪಾಠದ ಮೊದಲ ಗಂಡಾಂತರದಲ್ಲಿ. ಅವನು ಬೋರ್ಡಿನ ಮೇಲೆ ‘ಎಕ್ಸ್ ಈಕ್ವಲ್ ಟು ಎಕ್ಸ್ ಪ್ಲಸ್ ಒನ್’ ಎಂದು ಬರೆಯುತ್ತಾನೆ. ಮೊದಲ ಬೆಂಚಿನ ಹುಡುಗಿ ಎದ್ದು, ‘ಸಾರ್, ಎರಡೂ ಕಡೆ ಎಕ್ಸ್ ಹೊಡೆದುಹಾಕಿದ್ರೆ ಸೊನ್ನೆಗೆ ಒಂದು ಸಮ ಆಗುತ್ತೆ. ನಮ್ ಮ್ಯಾಥ್ಸ್ ಮಿಸ್ ಸೊನ್ನೆ ಹಾಕ್ತಾರೆ’ ಎನ್ನುತ್ತಾಳೆ. ಹುಡುಗಿಯ ತಕರಾರು ನೂರಕ್ಕೆ ನೂರು ನ್ಯಾಯವಾದದ್ದು. ಪಳಗಿದ ಪಂಡಿತರಿಗೆ ಇಲ್ಲಿ ತೊಡಕಿದೆ ಎಂಬುದೇ ನೆನಪಿರುವುದಿಲ್ಲ. ನಮ್ಮವನು ಎರಡು ವರ್ಷದ ಹಿಂದೆ ಇದೇ ಗುಂಡಿಯಲ್ಲಿ ಬಿದ್ದೆದ್ದವನು. ಪಿಪಿಟಿ ಬದಿಗಿಟ್ಟು ಅವನು ಕ್ರಿಕೆಟ್ ಸ್ಕೋರು ಹಿಡಿಯುತ್ತಾನೆ: ಈಗಿರುವ ಸ್ಕೋರಿಗೆ ನಾಲ್ಕು ಸೇರಿಸು, ಬಂದದ್ದನ್ನು ಸ್ಕೋರಿನ ಜಾಗದಲ್ಲೇ ಬರೆ. ಗಣಿತದಲ್ಲಿ ಆ ಚಿಹ್ನೆ ಎರಡು ಕಡೆಯೂ ಸಮ ಎಂದು ಸಾರಿದರೆ, ಇಲ್ಲಿ ಬಲಗಡೆಯ ಲೆಕ್ಕ ಮುಗಿಸಿ ಎಡಗಡೆಯ ಹೆಸರಿನಲ್ಲಿ ಇಡು ಎಂದು ಆಜ್ಞೆ ಮಾಡುತ್ತದೆ. ಅರವತ್ತು ಸ್ಲೈಡುಗಳಲ್ಲಿ ಇದು ಎಲ್ಲೂ ಇರಲಿಲ್ಲ. ಈ ಮಟ್ಟಿಗೆ, ಅವನ ಪಾಲಿಗೆ ಶಿಕ್ಷಕರ ತರಬೇತಿ ಕಾಲೇಜು ಎಂದರೆ ಕರೆಂಟು ಹೋಗಿ ಪಿಪಿಟಿ ಕೈಬಿಡಬೇಕಾಗುವುದೇ.

ಅರೆಬರೆ ಕಲಿತವರಿಂದ ಕಲಿಸುವುದೇನೂ ಇಂದಿನ ಆವಿಷ್ಕಾರವಲ್ಲ. 18ನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲೂ ಹಾಗೇ ಕಲಿಸಲು ಹೇಳಿದ. ಉಪಾಧ್ಯಾಯರು ಅದಕ್ಕೆ ಒಗ್ಗಲಿಲ್ಲ. ಆಗ ಬೆಲ್ ಸುಮಾರು ಎಂಟು ವರ್ಷದ ಹುಡುಗನೊಬ್ಬನನ್ನು ಕರೆದು ಚಿಕ್ಕವರಿಗೆ ಕಲಿಸಲು ಕೂರಿಸಿದ, ಕೆಲಸ ನಡೆಯಿತು. 1797ರಲ್ಲಿ ಆತ ಬರೆದ ಪುಸ್ತಕದಿಂದ ಈ ಕ್ರಮ ‘ಮದರಾಸು ಪದ್ಧತಿ’ ಎಂದು ಹೆಸರಾಗಿ ಇಂಗ್ಲೆಂಡಿನ ಶಾಲೆಗಳಿಗೂ ಹಬ್ಬಿತು. ಎಂಟು ವರ್ಷದವನು ನಿಭಾಯಿಸಿದ್ದನ್ನು ಇಪ್ಪತ್ತರವನು ನಿಭಾಯಿಸಲಾರನೆನ್ನಲು ಕಾರಣ ಬೇಕು.

ಕಾರಣಗಳನ್ನು ಕೊಡುವವರೂ ಇದ್ದಾರೆ. ‘ಇದೆಲ್ಲ ಪಾಯಿಂಟಿಗಾಗಿ’ ಎಂಬುದು ಮೊದಲನೆಯದು. ಮಾತಿನಲ್ಲಿ ಹುರುಳಿದೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಇ. ಓದುವವರು ತರಗತಿಯ ಹೊರಗಿನ ಇಂಥ ಕೆಲಸಗಳಿಂದ 100 ಆಕ್ಟಿವಿಟಿ ಪಾಯಿಂಟ್ ಗಳಿಸದೆ ಪದವಿ ಪಡೆಯುವಂತಿಲ್ಲ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲೂ ಎರಡು ವರ್ಷಕ್ಕೆ 240 ಗಂಟೆಗಳ ಲೆಕ್ಕವಿದೆ. ಮಕ್ಕಳಿಗಿಂತ ಫೋಟೋ ಮುಖ್ಯವಾಗುವುದೂ, ಕ್ಲಾಸು ಮುಗಿಯುವ ಮೊದಲೇ ಲಿಂಕ್ಡ್‌ಇನ್‌ನಲ್ಲಿ ‘ಗ್ರಾಮೀಣ ಭಾರತದ ಸಬಲೀಕರಣ’ ಮುಗಿದಿರುವುದೂ ನಿಜ. ಆದರೆ ಸಂಬಳಕ್ಕಾಗಿ ಕಲಿಸುವವರನ್ನು ಗುರುಗಳೆಂದು ಒಪ್ಪುವ ನಾವು ಪಾಯಿಂಟಿಗಾಗಿ ಕಲಿಸುವವನ ಮೇಲೆ ಮಾತ್ರ ಹರಿಹಾಯುವುದು ಯಾವ ನ್ಯಾಯ? ಕ್ರಿಕೆಟ್ ಸ್ಕೋರಿನ ಲೆಕ್ಕ ತಿಳಿದ ಹುಡುಗಿಗೆ ಅವನ ಖಾತೆಗೆ ಎಷ್ಟು ಪಾಯಿಂಟ್ ಬಿತ್ತೆಂಬುದು ಬೇಕಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಇಂಟರ್ನಲ್ಸ್ ಬಂದೊಡನೆ ಈತ ಕಾಣೆಯಾಗುತ್ತಾನೆ. ಅರ್ಧಕ್ಕೆ ನಿಂತ ಪಾಠವನ್ನು ಸೋಮವಾರ ಎದುರಿಸಬೇಕಾದವರು ಎರಡು ವರ್ಷ ಬಿ.ಎಡ್. ಓದಿ, ಹಾಜರಿ, ಬಿಸಿಯೂಟ, ಚುನಾವಣೆ ಕೆಲಸಗಳ ನಡುವೆ ದಿನವೂ ಪಾಠ ಮಾಡುವ ಮೇಷ್ಟ್ರು. ಅವರ ಜಾಗಕ್ಕೆ ಇವನನ್ನು ತಂದು, ಖಾಲಿ ಹುದ್ದೆ ಭರ್ತಿಯಾಯಿತೆಂದು ಯಾರಾದರೂ ಎಣಿಸಿದರೆ ಅದು ಸೇವೆಯಲ್ಲ, ಕಣ್ಣೊರೆಸುವ ತಂತ್ರ. ಇದಕ್ಕೆ ಪರಿಹಾರ ಅವನನ್ನು ಓಡಿಸುವುದಲ್ಲ, ಅವನ ಹೊರೆ ಇಳಿಸುವುದು. ಕೃತಕ ಬುದ್ಧಿಮತ್ತೆಯನ್ನು ಕೈಬಿಟ್ಟು, ಶಾಲೆಯ ಮೇಷ್ಟ್ರ ಜೊತೆ ಕೂತು, ಪರೀಕ್ಷೆಗೆ ಮುಂಚೆ ಮುಗಿಯುವಂಥ ಒಂದೇ ಒಂದು ಸಂಗತಿ ಆರಿಸಿಕೊಳ್ಳಲಿ. ‘ಡೌಟ್ಸ್ ಇದೆಯಾ?’ ಎಂದು ಕೇಳಿ ಮೌನ ಗಿಟ್ಟಿಸುವ ಬದಲು, ತನಗೆ ಯಾವ ಡೌಟು ಎಷ್ಟು ದಿನ ಕಾಡಿತ್ತೆಂದು ಹೇಳಿಬಿಡಲಿ. ಆದರೆ ಬೇಗ ಮಾಡಬೇಕು. ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗಿ ಎರಡು ವರ್ಷ ಕಳೆದರೆ ಅವನಿಗೂ ಎಲ್ಲ ಸ್ವಯಂವೇದ್ಯವಾಗಿರುತ್ತದೆ. ಆಮೇಲೆ ಅವನನ್ನು ಶಾಲೆಗೆ ಕರೆಯುವುದಿದ್ದರೆ ಮುಖ್ಯ ಅತಿಥಿಯಾಗಿ ಮಾತ್ರ.