ತೊಳೆದ ಬದನೆಕಾಯಿ

"ದೊಡ್ಡಪ್ಪ, ಫ್ಯಾಮಿಲಿ ಗ್ರೂಪಲ್ಲಿ ಏನದು ಹಾಕಿರೋದು?"

"ಭಾನುವಾರ ವಾಂಗಿಬಾತಿಗೆ ಬನ್ನಿ ಅಂತ ಕಣೇ. ಒಂದು ಬದನೆಕಾಯಿ ಎಮೋಜಿ, ಪಕ್ಕದಲ್ಲಿ ಮೂರು ಹನಿ ನೀರು. ತೊಳೆದಿದೆ ಅಂತ ಗೊತ್ತಾಗಲಿ."

"ಅಯ್ಯೋ, ಮೊದಲು ಡಿಲೀಟ್ ಮಾಡಿ!"

"ಬದನೆಕಾಯಿ ಏನು ಪಾಪ ಮಾಡ್ತು?"

"ಬೇರೆ ಅರ್ಥ ಇದೆ. ಹೇಳೋಕಾಗಲ್ಲ, ಕೇಳಲೂಬೇಡಿ."

"ಊಟ ಆದ್ಮೇಲೆ ಹಣ್ಣಿರಲಿ ಅಂತ ಪೀಚೂ ಹಾಕೋಣ ಅಂತಿದ್ದೆ..."

"ದೊಡ್ಡಪ್ಪಾ!"

"ಸರಿ ಬಿಡು. ನಿನ್ನೆ ನನ್ನ ಜೋಕಿಗೆ ನೀನು ತಲೆಬುರುಡೆ ಹಾಕಿದ್ಯಲ್ಲ? ನಿಮ್ಮ ದೊಡ್ಡಮ್ಮ ಉಪ್ಪು ಮೆಣಸಿನಕಾಯಿ ತಂದು ನನಗೆ ದೃಷ್ಟಿ ತೆಗೆದಳು."

"ನಕ್ಕು ನಕ್ಕು ಸತ್ತೆ ಅಂತ ಅದು."

"ಅದಕ್ಕೆ ಕಣ್ಣೀರು ಬರೋ ಹಾಗೆ ನಗೋ ಮುಖ ಇತ್ತಲ್ಲ? 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದ ಅಂದಿದ್ರು."

"ಈಗ ಅದು ವಯಸ್ಸಾದವರದ್ದು."

"ಹೆಬ್ಬೆರಳು?"

"ಸಿಟ್ಟು ಬಂದಿದೆ ಅಂತ."

"ಕೈಮುಗಿದರೆ?"

"ದಯವಿಟ್ಟು ಇನ್ನು ನಿಲ್ಲಿಸಿ ಅಂತ."

(1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಮೊಬೈಲಿಗೆ ಮಾಡಿಕೊಟ್ಟದ್ದು ಬರೀ 176 ಎಮೋಜಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.)

ಡಿಲೀಟ್ ಮಾಡುವಷ್ಟರಲ್ಲಿ ಗ್ರೂಪಿನವರೆಲ್ಲ ನೋಡಿ ಆಗಿತ್ತು, ಎಲ್ಲರೂ ಗಪ್‌ಚುಪ್. ಮೈಸೂರಿನಿಂದ ಅಜ್ಜಿ ಒಬ್ಬರೇ ಉತ್ತರಿಸಿದ್ದರು: "ವಾಂಗಿಬಾತಿಗೆ ನೇರಳೆ ಬದನೆ ಯಾರು ಹಾಕ್ತಾರೋ? ಹಸಿರು ಉದ್ದದ್ದು ತಗೊಂಡು ಬಾ."